ಭಾರ ಬಿದ್ದ ಮೇಲೆ ಬಿಗಿಯುವ ಬೋಲ್ಟು

ಕ್ಯಾಂಪ್, ಬೆಳಗಾವಿ
೨೦ ಅಕ್ಟೋಬರ್ ೧೯೮೩

ಗೆಳೆಯ ಸಮದನಿಗೆ,

ಗುರುಪಾದಪ್ಪನ ಶರಣು. ನಸೀಬಾ, ಮಗಳು ದಿಲಶಾದ, ನೀನು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಖಾನಾಪುರ ಇಲ್ಲಿಂದ ಒಂದು ತಾಸಿನ ದಾರಿ. ಆರು ವರ್ಷದಲ್ಲಿ ಒಂದು ಕಾರ್ಡೂ ಹಾಕದವನು ಇವತ್ತು ಇಷ್ಟುದ್ದ ಬರೆಯುತ್ತಾನೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ಬೈದುಕೊಳ್ಳುತ್ತೀ. ಬೈದುಕೋ. ಕೆಲಸ ಬಿದ್ದದ್ದು ಖರೇ.

ಬಾಳಾಸಾಹೇಬರ ಕೆಂಪು ಎಂ.ಜಿ. ಗಾಡಿ ಮತ್ತೆ ನಮ್ಮ ಗ್ಯಾರೇಜಿಗೆ ಬಂದಿದೆ. ನಾವಿಬ್ಬರೂ ಸೇರಿ ಹಿಂದಿನ ಗಾಲಿಯ ಕಮಾನು ಪಟ್ಟಿ ಬದಲಿಸಿದ್ದೆವಲ್ಲ, ಆಮೇಲೆ ಕಣಕುಂಬಿ ದಾರಿಯಲ್ಲಿ ಮರಕ್ಕೆ ಹೊಡೆದು ಅವರ ಕಾಲು ಮುರಿಯಿತಲ್ಲ, ಅದೇ. ಇಷ್ಟು ವರ್ಷ ಬಂಗಲೆಯ ಶೆಡ್ಡಿನಲ್ಲಿ ಬಿದ್ದಿತ್ತು. ತಿಂಗಳ ಹಿಂದೆ ನಾಲ್ಕು ಜನರಿಂದ ತಳ್ಳಿಸಿಕೊಂಡು ಬಂದರು. ಹಿಂಭಾಗ ಮುದಿ ಎತ್ತಿನಂತೆ ಕುಸಿದಿದೆ. ಪಟ್ಟಿಗಳು ಜೋತುಬಿದ್ದಿವೆ, ಅವುಗಳ ತುದಿಯ ರಬ್ಬರ್ ಬುಶ್ಶುಗಳು ಬೆರಳು ತಾಗಿಸಿದರೆ ಪುಡಿಯಾಗುತ್ತವೆ.

ವಿಲಾಯತಿ ಸಾಮಾನು ಮುಂಬಯಿಯಲ್ಲೂ ಸಿಗಲಿಲ್ಲ. ಮಚ್ಛೆಯಲ್ಲಿ ರಬ್ಬರ್ ಅಚ್ಚು ಹಾಕುವವನೊಬ್ಬ ಬುಶ್ಶು ಮಾಡಿಕೊಡುತ್ತೇನೆ ಅಂದಿದ್ದಾನೆ. ಪಟ್ಟಿಗೆ ಮಾತ್ರ ಲಾರಿಯ ಹಳೇ ಪಟ್ಟಿಯನ್ನೇ ಕಾಯಿಸಿ ಬಡಿದು ಬಾಗು ಕೊಡಬೇಕು. ಆ ಕೈ ನಿನ್ನದು, ನನ್ನದಲ್ಲ. ಎರಡು ಸಲ ಮಾಡಿ ನೋಡಿದೆ. ಎರಡು ಸಲವೂ ಗಾಡಿ ಎಡಕ್ಕೆ ವಾಲಿ ನಿಂತಿತು. ನಮ್ಮ ಅವ್ವ ನಿಂಗವ್ವ ಬಾಗಿಲಲ್ಲಿ ನಿಂತು ನಕ್ಕಳು: "ಏನೋ ಗುರುಪಾದಾ, ಗಾಡಿ ರಿಪೇರಿ ಮಾಡಿಯೋ, ಮಗ್ಗಲಿಗಿ ಮಲಗೂ ಎಮ್ಮಿ ಮಾಡಿಯೋ?" ಬಾಯಿ ಮುಚ್ಚಿಕೊಂಡು ಮತ್ತೆ ಬಿಚ್ಚಿದೆ.

ಆಗ ಬಾಳಾಸಾಹೇಬರು ಕೋಲೂರಿಕೊಂಡು ಬಂದು ಸ್ಟೂಲಿನ ಮೇಲೆ ಕುಳಿತರು. ಕಾಲು ಇನ್ನೂ ಎಳೆಯುತ್ತಾರೆ. "ಗುರುಪಾದಪ್ಪಾ, ಸಮದನ್ನ ಕರಸು," ಅಂದರು. "ಯಾರ ಕೈ ಆದ್ರೂ ಒಮ್ಮೆ ಮರೀತೈತಿ. ಆರು ವರ್ಷ ಅವನ ಮ್ಯಾಲೆ ಸಿಟ್ಟು ಹಿಡದೆ, ನನ್ನ ಕಾಲೇನು ನೆಟ್ಟಗಾತೇನು? ನಾ ಮಾಫ ಮಾಡೇನಿ ಅಂತ ಬರಿ."

ಚಹಾ ಅಲ್ಲೇ ಇಟ್ಟು ನಾನು ಗಾಡಿಯ ಕೆಳಗೆ ನುಸುಳಿದೆ.

ಹೋದ ತಿಂಗಳು ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ನಸೀಬಾ ಸಿಕ್ಕಿದ್ದಳು, ನಿನಗೆ ಹೇಳಿದಳೋ ಇಲ್ಲವೋ. ನೀನು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತೀ ಎಂದಳು. ಗ್ಯಾರೇಜಿನ ಕೆಲಸ ಯಾಕೆ ಬಿಟ್ಟ ಎಂದು ಕೇಳಿದೆ. "ಬೋಲ್ಟ ಬಿಗಿಯೂ ಪಾನಾ ಕಂಡ್ರ ದೂರ ಸರೀತಾರ ಅಣ್ಣಾರ," ಅಂದಳು. "ಒಮ್ಮೆ ಕಾರ್ಖಾನಿ ಲಾರಿ ಗಾಲಿ ಬಿಗದು ಬಂದ್ರು. ಉಣ್ಣಾಕ ಕುಂತವರು ಮೂರು ಸಲ ಎದ್ದು ಹೋಗಿ ನೋಡಿ ಬಂದ್ರು. ಮತ್ತ ಪಾನಾ ಮುಟ್ಟಿಲ್ಲ." ನಾನು ಬಸ್ಸು ಹತ್ತಿಬಿಟ್ಟೆ.

ನಮ್ಮ ಉಸ್ತಾದ ಬಸಯ್ಯನವರು ತಲೆಗೆ ಮೊಟಕಿ ಕಲಿಸಿದ್ದು ನೆನಪಿದೆಯೇ? ಗಾಲಿ ಜೋತಾಡುವಾಗ ಬುಶ್ಶಿನ ಬೋಲ್ಟು ಬಿಗಿದರೆ ರಬ್ಬರ್ ತಿರುಚಿ ಹರಿಯುತ್ತದೆ. ಜಾಕ್ ಮೇಲಿರುವಾಗ ಬೆರಳಿನಿಂದ ತಿರುವಿ ಬಿಡಬೇಕು. ಇಳಿಸಿ, ಗಾಡಿಯ ಭಾರ ನೆಲಕ್ಕೆ ಬಿದ್ದ ಮೇಲೆ ಪಾನಾ ಹಚ್ಚಬೇಕು. ಇಲ್ಲದಿದ್ದರೆ ಓಡುವಾಗ ಬೋಲ್ಟು ಕಳಚಿ ಗಾಡಿ ದಾರಿ ಬಿಡುತ್ತದೆ. ಆ ಕೊನೆಯ ಬಿಗಿತವನ್ನೇ ನೀನು ಮರೆತೆ ಎಂದು ಕ್ಯಾಂಪೆಲ್ಲ ಆಡಿಕೊಂಡಿತು. ನೀನೂ ಹಾಗೇ ನಂಬಿ ಗಂಟು ಕಟ್ಟಿದೆ.

ಬಾ ಸಮದ. ಈ ಗಾಡಿ ನೀನೇ ಮಾಡಬೇಕು. ಮೊನ್ನೆ ದಸರೆಯ ಬನ್ನಿ ಎಲೆ ನಾಲ್ಕು ಇದರಲ್ಲಿ ಇಟ್ಟಿದ್ದೇನೆ. ಪ್ರತಿ ವರ್ಷ ನಮ್ಮ ಮನೆಗೆ ಮೊದಲು ಬಂದು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತಿದ್ದವನು ನೀನು. ಅವ್ವ ಇವತ್ತಿಗೂ ನಿನ್ನ ಪಾಲಿನ ಕರಿಗಡಬು ತೆಗೆದಿಡುತ್ತಾಳೆ. ದಿಲಶಾದಳಿಗೆ ನನ್ನ ಆಶೀರ್ವಾದ. ನಿಮ್ಮ ಮನೆಯಲ್ಲಿ ನೆಮ್ಮದಿ ಇರಲಿ.

ನಿನ್ನ
ಗುರುಪಾದಪ್ಪ

ತಾ.ಕ.: ನಿನ್ನೆ ಇಷ್ಟು ಬರೆದು ಕಾಗದ ಮಡಚಿದ್ದೆ. ಮತ್ತೆ ಬಿಚ್ಚಿದೆ. ಇಲ್ಲಿಂದ ಮುಂದಿನದನ್ನು ದಿಲಶಾದಳಿಂದ ದೊಡ್ಡ ದನಿಯಲ್ಲಿ ಓದಿಸು, ನಸೀಬಾನೂ ಕೇಳಲಿ.

ಆ ವರ್ಷ ಖಂಡೇನವಮಿಯ ದಿನ ಗಾಡಿ ಜಾಕಿನಿಂದ ಇಳಿಸಿದವನು ನಾನು. ಅಷ್ಟರಲ್ಲಿ ಅವ್ವ ಪಾನಾ, ಸುತ್ತಿಗೆ ಎಲ್ಲವನ್ನೂ ಪೂಜೆಗೆ ಕೂಡಿಸಿ ಕುಂಕುಮ ಹಚ್ಚಿದ್ದಳು. ಪೂಜೆಗೆ ಕೂಡಿಸಿದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಎತ್ತಬಾರದು. ಗಾಡಿಗೂ ಹೂವೇರಿಸಿದೆ, ಗಾಲಿಗೆ ಲಿಂಬೆಹಣ್ಣು ಇಟ್ಟೆ. ಸಂಜೆ ಬಾಳಾಸಾಹೇಬರು ಬಂದಾಗ ಬೋಲ್ಟು ನೆನಪಿತ್ತು. ಕ್ಯಾಂಪಿನೊಳಗೇ ಒಂದು ಸುತ್ತು ಹಾಕುತ್ತಾರೆ, ನಾಳೆ ಬಿಗಿದರಾಯಿತು ಎಂದು ಕೀಲಿ ಕೊಟ್ಟೆ. ಅವರು ಕಣಕುಂಬಿಗೆ ಹೋದರು.

ದವಾಖಾನೆಯ ಮೆಟ್ಟಿಲ ಮೇಲೆ ನೀನು ನನ್ನ ಕೈ ಹಿಡಿದು ಕೇಳಿದೆ: "ದೋಸ್ತ, ಹುಡುಗಿಗಿ ಜ್ವರ ಅಂತ ಗಾಬರಿಲೆ ಹೋದೆ, ತಲಿ ನೆಟ್ಟಗ ಇರಲಿಲ್ಲ. ಇಳಿಸಿದ ಮ್ಯಾಲೆ ಬಿಗಿ ಅಂತ ನಿನಗ ಹೇಳಿದ್ನೋ ಇಲ್ಲೋ?" ನಾನು "ಇಲ್ಲ" ಅಂದೆ.

ಇವತ್ತು ಮುಂಜಾನೆ ಬಾಳಾಸಾಹೇಬರಿಗೆ ಇದನ್ನೆಲ್ಲ ಹೇಳಿ ಬಂದೆ. ಅವರು ನನ್ನ ಮುಖ ನೋಡಲಿಲ್ಲ. ಗಾಡಿಗೆ ನಾನು ಕೈ ಹಚ್ಚಬಾರದಂತೆ. ಅದು ಜಾಕ್ ಮೇಲೆ ನಿಂತಿದೆ.

ನೀನು ಹೇಳಿದ್ದೆ, ಸಮದ. ಗೇಟಿನವರೆಗೆ ಹೋಗಿ, ತಿರುಗಿ ಬಂದು, ಎರಡನೇ ಸಲವೂ ಹೇಳಿದ್ದೆ.