ಮಾಳಿಗೆಯ ಮೇಲಿನ ಎಮ್ಮೆ

ಹೊಳೆಬಸಾಪುರ, ಮಲಪ್ರಭೆಯ ದಂಡೆ
ಇಸವಿ ೨೧೯೪, ಹದಿಮೂರನೆಯ ತಿಂಗಳು, ಎರಡನೆಯ ತಾರೀಖು

ಶಂಕ್ರವ್ವ ಬಾದವಾಡಗಿ ಅವರಿಗೆ, ಇನ್ನೂ ಹುಟ್ಟದ ವಿರೂಪಾಕ್ಷ ಕೊಣ್ಣೂರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಮಳೆ ತನ್ನ ತಿಂಗಳುಗಳನ್ನು ಬಿಟ್ಟು ಮನಸ್ಸಿಗೆ ಬಂದಾಗ ಬರತೊಡಗಿದ ಮೇಲೆ ನಮ್ಮ ಹಿರಿಯರು ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿ ಹೇಗೋ ಹೊಂದಿಸಿಕೊಂಡರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮವರು ಒಬ್ಬರಿಗೊಬ್ಬರು ಕಳಿಸಿಕೊಂಡ ಸಂದೇಶಗಳಿಂದ. ಅವುಗಳಲ್ಲಿ ಅರ್ಧ ‘ಶುಭೋದಯ’, ಉಳಿದರ್ಧ ‘ನಿಜವಾದ ಭಾರತೀಯರಾಗಿದ್ದರೆ ಎಲ್ಲರಿಗೂ ಹಂಚಿ’. ಅಷ್ಟರಲ್ಲಿ ಕಲಿಯಲು ಸಾಧ್ಯವಾದದ್ದು ಇಷ್ಟೇ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಅದರಲ್ಲಿ ಅಕ್ಷರ ಮಾತ್ರ ಹೋಗುತ್ತದೆ. ಚಿತ್ರ ಹೋಗುವುದಿಲ್ಲ, ಉತ್ತರವಂತೂ ಬರುವುದೇ ಇಲ್ಲ. ಬಹುಶಃ ನಿಮ್ಮ ಮೊಬೈಲಿನಲ್ಲಿ ಇದು ಗುರುತಿಲ್ಲದ ನಂಬರಿನಿಂದ ಬಂದ ಉದ್ದನೆಯ ಮೆಸೇಜಾಗಿ ಕಾಣಿಸುತ್ತದೆ. ದಯವಿಟ್ಟು ಇದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ನಿಮ್ಮ ಕಾಲದವರಿಗೆ ಯಾವ ವಿಷಯ ಬರೆಯುವುದಿದ್ದರೂ ಮೊದಲು ಇದನ್ನೇ ಹೇಳಬೇಕಾಗುತ್ತದೆ.

ಮೊನ್ನೆ ನಿಮ್ಮೂರಿನ ದೊಡ್ಡ ನೆರೆ ಇಳಿದಾಗ ನೀವು ಒಂದು ಫೋಟೋ ತೆಗೆದು ಬಂಧುಗಳ ಗ್ರೂಪಿಗೆ ಕಳಿಸಿದಿರಿ. ನಿಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಎಮ್ಮೆ ನಿಂತಿದೆ. ಅದನ್ನು ನಾನು ನೋಡಿಲ್ಲ. ನನ್ನ ಕಾಲದಲ್ಲಿ ಯಾರೂ ನೋಡಿಲ್ಲ, ಏಕೆಂದರೆ ನಾಳೆಯೋ ನಾಡಿದ್ದೋ ನೀವು ಅದನ್ನು ಅಳಿಸಿಬಿಡುತ್ತೀರಿ. ನಮಗೆ ಉಳಿದಿರುವುದು ಆ ಫೋಟೋ ಸುಳ್ಳು ಎಂದು ಸಾರಿದ ವರದಿ ಮಾತ್ರ. ಚಿತ್ರ ಹೋಗಿ ಅದರ ಮೇಲಿನ ತೀರ್ಪು ಉಳಿದಿದೆ. ನನ್ನ ತಲೆ ಕೆಡಲು ಬೇರೆ ಕಾರಣ ಬೇಕೇ?

ಆ ಎಮ್ಮೆ ನಮಗೇಕೆ ಬೇಕು ಎಂದು ಕೇಳುತ್ತೀರಿ. ನಾವು ಈಗಿರುವುದು ಗುಡ್ಡದ ಮೇಲೆ. ಇಲ್ಲಿನ ನೀರು ಬತ್ತಿದೆ. ಆದ್ದರಿಂದ ಹೊಳೆಯ ಪಕ್ಕದ ಕೆಳಹೊಲದಲ್ಲಿ ಹೊಸ ಮನೆಗಳನ್ನು ಕಟ್ಟುವುದೆಂದು ಪಂಚಾಯ್ತಿ ತೀರ್ಮಾನಿಸಿದೆ. ನಿಮ್ಮ ಮನೆಯ ಬುನಾದಿಯ ಕಲ್ಲುಗಳು ಇಂದಿಗೂ ಆ ಹೊಲದಲ್ಲಿವೆ. ಅವುಗಳಿಗೆ ಆತುಕೊಂಡೇ ನನ್ನ ಮಗಳು ಸುವರ್ಣಾಳ ಮನೆಗೆ ಗುರುತು ಹಾಕಿದ್ದಾರೆ. ಅವಳು ಗರ್ಭಿಣಿ. ಬಾಣಂತನ ಹೊಸ ಮನೆಯಲ್ಲೇ ಆಗಬೇಕೆಂದು ಅವಳ ಆಸೆ. ಎಮ್ಮೆ ಈಜಿ ಮೇಲೇರುವಷ್ಟು ನೀರಿನಲ್ಲಿ ನಿಮ್ಮ ಮಾಳಿಗೆ ಮುಳುಗಿತ್ತು ಎಂದಾದರೆ, ಮತ್ತೆ ಅಂಥ ನೆರೆ ಬಂದ ದಿನ ನನ್ನ ಮಗಳು ತನ್ನ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹತ್ತಬೇಕು?

ಇದನ್ನು ಸಭೆಯಲ್ಲಿ ಹೇಳಿದೆ. ಪಂಚಾಯ್ತಿಯ ಅಧ್ಯಕ್ಷೆ ರುದ್ರವ್ವ ಕೆಟ್ಟವಳಲ್ಲ, ಅವಳ ಮನೆಯೂ ಅಲ್ಲೇ ಬರುವುದು. ಅವಳು ತಾಳ್ಮೆಯಿಂದಲೇ ಹೇಳಿದಳು: “ಮಾಸ್ತರ, ನೀರು ಮೊಣಕಾಲ ಮಟ ಬಂದಿತ್ತು ಅನ್ನೂದು ಸಣ್ಣ ಹುಡುಗರಿಗೂ ಗೊತ್ತೈತಿ. ಚಿತ್ರಾ ಇದ್ರ ತೋರಸ್ರಿ, ಇಲ್ಲಂದ್ರ ಸುಮ್ಮನ ಕುಂದರ್ರಿ.” ಸಭೆ ನಕ್ಕಿತು. ಅಂದಿನಿಂದ ಊರಲ್ಲಿ ನನ್ನ ಹೆಸರು ಎಮ್ಮಿ ಮಾಸ್ತರ.

ಮೊಣಕಾಲ ಮಟ್ಟದ ಕಥೆ ಎಲ್ಲಿಂದ ಬಂತು ಗೊತ್ತೇ? ನಿಮ್ಮ ನೆರೆಯ ದಿನಗಳಲ್ಲೇ ಓಡಾಡಿದ ಇನ್ನೊಂದು ಚಿತ್ರದಿಂದ. ಒಬ್ಬ ಸೈನಿಕ ಬಸವಣ್ಣನ ಗುಡಿಯ ಮುಂದೆ ಕರುವೊಂದನ್ನು ಹೆಗಲ ಮೇಲೆ ಹೊತ್ತು ಮೊಣಕಾಲುದ್ದ ನೀರಿನಲ್ಲಿ ಬರುತ್ತಿದ್ದಾನೆ, ಗುಡಿಯೊಳಗೆ ದೀಪ ಉರಿಯುತ್ತಿದೆ, ಮೋಡದ ಸಂದಿಯಿಂದ ಬಿಸಿಲು ಸರಿಯಾಗಿ ಕರುವಿನ ಮುಖದ ಮೇಲೆ ಬಿದ್ದಿದೆ. ಎಲ್ಲೋ ಕುಳಿತ ಯಾರೋ ಯಂತ್ರಕ್ಕೆ ಹೇಳಿ ಮಾಡಿಸಿದ ಚಿತ್ರ. ನಿಮ್ಮೂರಿನ ಗುಡಿಯ ಬಾಗಿಲು ಹೊಳೆಗೆ ಬೆನ್ನು ಮಾಡಿ ಪೂರ್ವಕ್ಕಿದ್ದರೆ ಚಿತ್ರದಲ್ಲಿ ಬಾಗಿಲೇ ಹೊಳೆಯ ಕಡೆಗಿದೆ. ಅದು ಸುಳ್ಳೆಂದು ಆಗಲೇ ಬಯಲಾಯಿತು. ಆದರೇನು? ‘ಚಿತ್ರ ಸುಳ್ಳಿರಬಹುದು, ಅದರ ಹಿಂದಿನ ಭಾವನೆ ನಿಜ’ ಎಂದು ನಿಮ್ಮವರು ಅದನ್ನೇ ಮತ್ತೆ ಹಂಚಿದರು. ಭಾವನೆಗೆ ಈಜು ಬರುತ್ತದೆಯೇ, ಶಂಕ್ರವ್ವನವರೇ? ತಲೆಮಾರುಗಳು ಕಳೆದವು. ಸೈನಿಕ ಕ್ಯಾಲೆಂಡರಿಗೆ ಬಂದ, ಪಾಠದ ಪುಸ್ತಕಕ್ಕೆ ಬಂದ, ಬಸ್‌ಸ್ಟ್ಯಾಂಡಿನ ಗೋಡೆಗೂ ಬಂದ. ಈಗ ಆ ನೀರು ನಮ್ಮ ಊರಿನ ತಲೆಯಲ್ಲಿ ಮೊಣಕಾಲುದ್ದಕ್ಕೆ ನಿಂತುಬಿಟ್ಟಿದೆ.

ನಾವು ಬುದ್ಧಿ ಕಲಿತಿಲ್ಲವೆಂದಲ್ಲ. ನಮ್ಮಲ್ಲಿ ಯಾವ ಚಿತ್ರಕ್ಕೂ ಒಬ್ಬರು ‘ನಿಂತವರು’ ಇರಬೇಕು. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ನಾನು ನಿಂತಿದ್ದೆ, ಇದನ್ನು ಕಂಡೆ ಎಂದು ಹೆಸರು ಕೊಡುವವರು. ನಿಂತವರಿಲ್ಲದ ಚಿತ್ರವನ್ನು ನಾವು ಗೋಡೆಯ ಅಂದಕ್ಕೆ ಇಟ್ಟುಕೊಳ್ಳುತ್ತೇವೆ, ಸುದ್ದಿಯೆಂದು ಒಪ್ಪುವುದಿಲ್ಲ. ಶಾಲೆಯಲ್ಲಿ ನಾನು ಕಲಿಸುವುದೇ ಇದನ್ನು. ಏನು ತೋರಿಸಿದರೂ ಮಕ್ಕಳು ಕೇಳುವ ಮೊದಲ ಪ್ರಶ್ನೆ “ನಿಂತವರು ಯಾರ್ರೀ?” ಮದುವೆಯ ಫೋಟೋಗಳಿಗೆ ಯಾರು ನಿಲ್ಲಬೇಕೆಂದು ಸೋದರಮಾವಂದಿರಿಗೂ ಚಿಕ್ಕಪ್ಪಂದಿರಿಗೂ ಜಗಳವಾಗುತ್ತದೆ, ಅದು ಬೇರೆ ಮಾತು. ನಮ್ಮ ಸುದ್ದಿಚಿತ್ರಗಳು ತಡವಾಗಿ ಬರುತ್ತವೆ, ನೋಡಲು ಬಲು ಕುರೂಪಿ. ಎಲ್ಲೋ ಬೆಂಕಿ ಬಿದ್ದರೆ ಒಂದಿಷ್ಟು ಹೊಗೆ, ಅದರ ಮುಂದೆ ಯಾರದೋ ಮೊಣಕೈ. ನಮಗೆ ಅಷ್ಟು ಸಾಕು. ತೀರಾ ಚಂದದ ಚಿತ್ರ ಬಂದರೆ ನಮ್ಮ ಮುದುಕಿಯರು ಮೂಗು ಮುರಿಯುತ್ತಾರೆ. ಆದರೆ ತಲೆಯೊಳಗೆ ಆಗಲೇ ಕುಳಿತ ಚಿತ್ರಕ್ಕೆ ನಿಂತವರು ಯಾರು ಎಂದು ಕೇಳಲು ನಮಗೂ ಬಂದಿಲ್ಲ.

ಇನ್ನು ನಿಮ್ಮ ಎಮ್ಮೆಯ ವರದಿ. ಅದನ್ನು ಬರೆದವರ ಮೇಲೆ ನನಗೆ ಗೌರವವಿದೆ. ಆ ದಿನಗಳಲ್ಲಿ ಹೊಳೆಯಲ್ಲಿ ಬಂದ ನೀರಿಗಿಂತ ಮೊಬೈಲಿನಲ್ಲಿ ಬಂದ ಸುಳ್ಳೇ ಹೆಚ್ಚು. ಅಣೆಕಟ್ಟು ಒಡೆದ ಚಿತ್ರ, ಬೀದಿಯಲ್ಲಿ ಮೊಸಳೆಯ ಚಿತ್ರ, ಬೇರೆ ದೇಶದ ತೇಲುವ ಕಾರುಗಳು. ಅವರು ಊಟ ನಿದ್ದೆ ಬಿಟ್ಟು ಒಂದೊಂದನ್ನೇ ಹಿಡಿದು ಹಾಕಿದರು. ಹಾಗೆ ಕಳ್ಳರನ್ನು ಹಿಡಿಯುವ ಭರದಲ್ಲಿ ಮನೆಯವರನ್ನೂ ಹಿಡಿದರು. ‘ಎಮ್ಮೆ ಏಣಿ ಹತ್ತುವುದಿಲ್ಲ, ಆದ್ದರಿಂದ ಇದು ಕೃತಕ ಚಿತ್ರ’ ಎಂದು ಬರೆದಿದ್ದಾರೆ. ಏಣಿ ಹತ್ತಿತೆಂದು ಯಾರು ಹೇಳಿದರು? ನೀರು ಮಾಳಿಗೆಯ ಮಟ್ಟಕ್ಕೆ ಏರಿದಾಗ ಅದು ಈಜಿಕೊಂಡು ಬಂದು ಕಾಲಿಗೆ ಸಿಕ್ಕ ನೆಲದ ಮೇಲೆ ನಿಂತಿತು, ನೀರು ಇಳಿದಾಗ ಅಲ್ಲೇ ಉಳಿಯಿತು. ಬರೆಯುವ ಮೊದಲು ಒಂದು ಫೋನ್ ಮಾಡಿ ನಿಮ್ಮನ್ನೇ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ.

ಇಷ್ಟಾದರೂ ನಾನು ಸಭೆಯಲ್ಲಿ ಗೆಲ್ಲುತ್ತಿದ್ದೆ. ವರದಿಯಲ್ಲಿ ನಿಮ್ಮ ಹೆಸರಿದೆ, ನಿಮ್ಮ ಮನೆಯ ಗುರುತಿದೆ. ನಮ್ಮ ಕಾಯಿದೆಗೆ ಚಿತ್ರ ಕಳೆದುಹೋದರೂ ನಿಂತವರ ಮಾತು ಸಾಕು. ಆದರೆ ವರದಿಯ ಕೊನೆಯಲ್ಲಿ, ತೀರ್ಪು ಬರೆದಾದ ಮೇಲೆ ಕೇಳಿ ಸೇರಿಸಿದ ನಿಮ್ಮ ಮಾತೂ ಇದೆ: “ನನಗ ತಿಳೀಲಿಲ್ರಿ, ತಪ್ಪಾತು. ಫೋಟೋ ಅಳಿಸೀನಿ.” ನಿಂತವರೇ ಹಿಂದೆ ಸರಿದ ಮೇಲೆ ಯಾವ ಕಾಯಿದೆ ಏನು ಮಾಡೀತು? ರುದ್ರವ್ವ ಆ ಸಾಲನ್ನು ಸಭೆಗೆ ಓದಿ ಹೇಳಿದಳು. ನಾನು ಕುಳಿತುಕೊಂಡೆ.

ತಾಯಿ, ನನ್ನ ಸಿಟ್ಟು ಆ ಸೈನಿಕನ ಚಿತ್ರ ಮಾಡಿದ ಕಳ್ಳನ ಮೇಲಿದೆ, ಹಂಚಿದವರ ಮೇಲಿದೆ, ಮೊದಲೇ ಫೋನ್ ಮಾಡದವರ ಮೇಲಿದೆ. ಆದರೆ ಎಲ್ಲರಿಗಿಂತ ಹೆಚ್ಚು ನಿಮ್ಮ ಮೇಲಿದೆ. ಅದು ನಿಮ್ಮ ಮನೆ, ನಿಮ್ಮ ಮಾಳಿಗೆ. ಮೊಬೈಲು ಹಿಡಿದದ್ದು ನಿಮ್ಮ ಕೈ. ನಿಮಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕಿತ್ತು? ಬಂಧುಗಳ ಗ್ರೂಪಿನಲ್ಲಿ ನಾಲ್ಕು ಜನ ನಗುವ ಗೊಂಬೆ ಹಾಕಿದರೆಂದು ಕಣ್ಣಾರೆ ಕಂಡದ್ದಕ್ಕೆ ತಪ್ಪಾಯಿತು ಅನ್ನುವುದೇ? ನೆರೆ ಮನೆಯೊಳಗಿನದನ್ನೆಲ್ಲ ಕೊಂಡೊಯ್ದ ವಾರದಲ್ಲಿ ವಾದ ಮಾಡುವ ತ್ರಾಣ ನಿಮಗಿರಲಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಇಳಿಯುತ್ತಿಲ್ಲ.

ನಿನ್ನೆ ಸುವರ್ಣಾ ಊಟಕ್ಕೆ ಬಡಿಸುತ್ತ ಅಂದಳು: “ಅಪ್ಪಾ, ಆ ಎಮ್ಮೀನ ಇನ್ನರ ಕೆಳಗ ಇಳಸು. ಪಾಪ, ನಿಂತು ನಿಂತು ಕಾಲು ಸೋತಿರಬೇಕು.” ನಾನು ನಗಲಿಲ್ಲ. ಅವಳೇ ದನಿ ತಗ್ಗಿಸಿ ಕೇಳಿದಳು: “ಖರೇನ ಅಷ್ಟು ನೀರು ಬಂದಿತ್ತೇನಪಾ?” ನನ್ನಲ್ಲಿ ಅವಳಿಗೆ ತೋರಿಸಲು ಏನೂ ಇರಲಿಲ್ಲ. ನಾಡಿದ್ದು ಬುನಾದಿ ತೋಡುತ್ತಾರೆ.

ನನ್ನನ್ನು ನಂಬಿ ಎಂದು ನಾನು ಕೇಳುವುದಿಲ್ಲ. ಗುರುತಿಲ್ಲದ ನಂಬರಿನ ಮೆಸೇಜನ್ನು ನಂಬಲೂಬಾರದು. ನಿಮ್ಮ ಕಣ್ಣನ್ನು ನಂಬಿ, ಅಷ್ಟು ಸಾಕು. ಫೋಟೋ ಅಳಿಸಿದರೂ ಅಳಿಸಿ, ಮೊಬೈಲಿನಲ್ಲಿ ಜಾಗ ಸಾಲದಿದ್ದರೆ ಇದ್ದದ್ದನ್ನು ನಿಮ್ಮ ಶುಭೋದಯಗಳಿಗೇ ಇಟ್ಟುಕೊಳ್ಳಿ. ಆದರೆ ಆ ವರದಿಯವರು ಕೇಳಿದಾಗ ತಪ್ಪಾಯಿತು ಅನ್ನಬೇಡಿ. ನಾನು ಅಲ್ಲಿ ನಿಂತಿದ್ದೆ, ನಾನು ಕಂಡೆ ಎಂದು ಒಂದೇ ಒಂದು ಸಾಲು ಹೇಳಿ.

ಬುನಾದಿ ತೋಡುವ ದಿನ ಬೆಳಿಗ್ಗೆ ನಾನು ಆ ಹೊಲಕ್ಕೆ ಹೋಗುತ್ತೇನೆ. ದಾರಿಯಲ್ಲಿ ಯಾರೂ ನನ್ನನ್ನು ಎಮ್ಮಿ ಮಾಸ್ತರ ಎಂದು ಕರೆಯದಿದ್ದರೆ, ಹೊಲದಲ್ಲಿ ಗುದ್ದಲಿಯ ಸದ್ದಿಲ್ಲದಿದ್ದರೆ, ನೀವು ಮಾತು ಬದಲಿಸಲಿಲ್ಲ ಎಂದು ತಿಳಿದುಕೊಳ್ಳುತ್ತೇನೆ.

ಅಷ್ಟು ದೊಡ್ಡ ನೀರಿನಲ್ಲಿ ಒಂದು ಎಮ್ಮೆ ನಿಂತಿತ್ತು, ಶಂಕ್ರವ್ವನವರೇ. ನೀವೂ ನಿಲ್ಲಿ.

ನಿಮ್ಮ ಊರಿನವನೇ ಆದ,
ವಿರೂಪಾಕ್ಷ ಕೊಣ್ಣೂರ