ಸವೆದ ಬೆರಳಿನ ಗೆರೆಗಳು

ಗ್ರೇ ಗಲ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಜುಲೈ 9

ನನ್ನ ಬಂಗಾರ ನೊರೀನ್,

ಅಲ್ಬರ್ಟಾದ ಧೂಳಿನಲ್ಲಿ ಹೇಗಿದ್ದೀಯೆ? ಮೊಣಕಾಲು ನೋವಿನ ಪುರಾಣ ಹೇಳಲು ನಿನ್ನಪ್ಪನೇ ಫೋನು ಮಾಡುತ್ತಾರಂತೆ, ಅದನ್ನು ನಾನು ಬರೆಯುವುದಿಲ್ಲ. ಟೆಸ್ಸಾಳ ಮುಂದಿನ ಎರಡು ಹಲ್ಲು ಬಿದ್ದಿವೆ. ಅವಳ ತಾಯಿ ತೀರಿಕೊಂಡಾಗ ಪಕ್ಕದ ಮನೆಯವರೆಂದು ನಮ್ಮಲ್ಲಿಗೆ ಬಂದ ಮಗು, ಈಗ ನನ್ನನ್ನು ಒಂದು ಗಳಿಗೆ ಬಿಟ್ಟಿರುವುದಿಲ್ಲ. ನಾನೂ ಅಷ್ಟೇ.

ಆದರೆ ಮಕ್ಕಳ ಇಲಾಖೆಯಾಕೆ ಕಡ್ಡಿ ಮುರಿದಂತೆ ಹೇಳಿದಳು. "ನಿಮ್ಮ ಹೆಸರಲ್ಲಿ ಕಳ್ಳತನದ ಹಳೇ ಕೇಸಿದೆ. ಕ್ಷಮಾದಾನಕ್ಕೆ ಅರ್ಜಿ ಹಾಕಿದೀನಿ ಅಂತ ಆಗಸ್ಟ್ ಒಳಗೆ ತೋರಿಸಿ. ಇಲ್ಲಾಂದ್ರೆ ಮಗೂನ ಬೇರೆ ಮನೆಗೆ ಕಳಿಸ್ಬೇಕಾಗುತ್ತೆ."

ಆ ಕೇಸು ನಿನಗೆ ಗೊತ್ತಿರುವುದೇ. ಇಪ್ಪತ್ತರ ಹುಚ್ಚು ಪ್ರಾಯ. ಪಕ್ಕದೂರಿಗೆ ಹೋಗಿ ಕುಣಿಯುವ ಚಪಲಕ್ಕೆ ನಮ್ಮೂರ ಗರ್ಟ್ರೂಡಳ ಟ್ರಕ್ಕನ್ನು ಕೇಳದೆ ಒಯ್ದು, ವಾಪಸು ಬರುವಾಗ ದೋಣಿ ಕಟ್ಟುವ ಧಕ್ಕೆಯಿಂದ ಸೀದಾ ಕಡಲಿಗೆ ಇಳಿಸಿದೆ. ಬ್ರೇಕು ತುಳಿದೆ, ಹಿಡಿಯಲಿಲ್ಲ ಎಂದರೆ ಯಾರೂ ನಂಬಲಿಲ್ಲ. ಕೊನೆಗೆ ನಾನೂ ನಂಬುವುದನ್ನು ಬಿಟ್ಟೆ. ಆ ಟ್ರಕ್ಕಿನಲ್ಲಿ ಮೀನು ಮಾರಿ ಮಕ್ಕಳನ್ನು ಸಾಕುತ್ತಿದ್ದ ಗರ್ಟ್ರೂಡ್ ಆಮೇಲೆ ಏಡಿ ಕಾರ್ಖಾನೆ ಸೇರಬೇಕಾಯಿತು. ನಾನೂ ಅಲ್ಲೇ ಕೆಲಸಕ್ಕಿದ್ದೆ; ಅವಳು ನಿವೃತ್ತಳಾಗುವವರೆಗೂ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಏಡಿ ಮುರಿದೆವು. ಒಂದು ದಿನವೂ ನನ್ನ ಜೊತೆ ಮಾತಾಡಲಿಲ್ಲ.

ಅರ್ಜಿಗೆ ಬೆರಳಚ್ಚು ಬೇಕು. ಪೊಲೀಸು ಹುಡುಗ ಒತ್ತಿದ, ಒರೆಸಿದ, ಮತ್ತೆ ಒತ್ತಿದ. "ನಿಮ್ಮ ಬೆರಳಲ್ಲಿ ಗೆರೇನೇ ಇಲ್ವಲ್ಲಮ್ಮ!" ಎಂದ. ಉಪ್ಪುನೀರು, ಏಡಿ ಚಿಪ್ಪು ಎಲ್ಲ ಸೇರಿ ಉಜ್ಜಿಹಾಕಿವೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ನನಗೆ ಕೈಯೇ ಸವೆದುಹೋಯಿತು. "ಮೊದ್ಲೇ ಗೊತ್ತಿದ್ರೆ ಟ್ರಕ್ ಬಿಟ್ಟು ಬ್ಯಾಂಕಿಗೇ ನುಗ್ತಿದ್ದೆ ಕಣಪ್ಪ" ಎಂದೆ. ಪಾಪ, ಅವನಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಒಂದು ತಿಂಗಳು ಕೈಗೆ ವಿಶ್ರಾಂತಿ ಕೊಟ್ಟರೆ ಗೆರೆ ಮರಳಬಹುದು ಎಂದ.

ಏಡಿಯ ಕಾಲದಲ್ಲಿ ಒಂದು ತಿಂಗಳು! ಈಗ ಕೆಲಸ ಬಿಟ್ಟರೆ, ಕಾರ್ಖಾನೆ ಮುಚ್ಚುವ ಚಳಿಗಾಲದಲ್ಲಿ ಸರ್ಕಾರ ಕೊಡುವ ಭತ್ಯೆಗೆ ಬೇಕಾದಷ್ಟು ಕೆಲಸದ ಗಂಟೆಗಳು ಆಗುವುದಿಲ್ಲ. ಮಗುವನ್ನು ಉಳಿಸಿಕೊಂಡು ಉಪವಾಸ ಕೆಡವಲೇ? ಊಟದ ಕೋಣೆಯಲ್ಲಿ ಅತ್ತುಬಿಟ್ಟೆ. ಆಗ ನಮ್ಮ ಸಾಲಿನ ಮಾರ್ಗಿ ಹೇಳಿದಳು, "ಬಿಳಿ ಕೋಟು, ತಲೆಗೆ ಬಲೆ, ಮುಖಕ್ಕೆ ಮಾಸ್ಕು. ಇಲ್ಲಿ ಯಾರು ಯಾರು ಅಂತ ಮೇಸ್ತ್ರಿಗೆ ಏನೇ ಗೊತ್ತಾಗುತ್ತೆ? ನಿನ್ನ ಹಾಜರಿ ಕಾರ್ಡು ಕೊಟ್ಟು ಹೋಗು, ನಿನ್ನ ಜಾಗದಲ್ಲಿ ಯಾರಾದ್ರೂ ನಿಲ್ತಾರೆ."

ಕೊಟ್ಟು ಬಂದೆ. ತಿಂಗಳಿಡೀ ನಿನ್ನ ತಾಯಿ ಮಹಾರಾಣಿಯಂತೆ ಕೈಗೆ ಮುಲಾಮು ಮೆತ್ತಿಕೊಂಡು ಕೂತಳು, ಪಾತ್ರೆ ತೊಳೆದದ್ದು ನಿನ್ನಪ್ಪ! ಟೆಸ್ಸಾ ದಿನಾ ಬೆಳಗ್ಗೆ ನನ್ನ ಬೆರಳು ಹಿಡಿದು, "ಅಜ್ಜಿ, ಗೆರೆ ಬಂತಾ?" ಎಂದು ನೋಡುತ್ತಿದ್ದಳು. ಬಂದವು, ನೊರೀನ್. ನಿನ್ನೆ ಅರ್ಜಿ ಹೋಯಿತು. ಇಲಾಖೆಯಾಕೆ ರಸೀದಿ ನೋಡಿ, ಸದ್ಯಕ್ಕೆ ಮಗು ಇಲ್ಲೇ ಇರಲಿ ಎಂದಳು.

ನನ್ನ ಜಾಗದಲ್ಲಿ ನಿಂತವರು ಯಾರೆಂದು ಎಷ್ಟು ಕೇಳಿದರೂ ಹೆಂಗಸರು ಬಾಯಿ ಬಿಡಲಿಲ್ಲ. "ಏಡೀನೇ ಕೇಳ್ಕೋ" ಎಂದು ನಕ್ಕರು. ಈ ಪತ್ರ ಓದಿ ಒಲೆಗೆ ಹಾಕು. ಮತ್ತೊಂದು ಕ್ಷಮಾದಾನ ಕೇಳುವಷ್ಟು ಆಯಸ್ಸು ನನಗಿಲ್ಲ.

ಮುತ್ತುಗಳೊಂದಿಗೆ, ಈಗ ಹತ್ತೂ ಬೆರಳಿಗೆ ಗೆರೆಯಿರುವ
ನಿನ್ನ ಅಮ್ಮ,
ಫಿಲೊಮಿನಾ

ವಿ.ಸೂ.: ಲಕೋಟೆ ಅಂಟಿಸುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಗರ್ಟ್ರೂಡ್! ಈ ಮನೆಯ ಮೆಟ್ಟಿಲು ತುಳಿದವಳೇ ಅಲ್ಲ. ಎಪ್ಪತ್ತು ದಾಟಿದ ಆ ಕೈಗಳ ತುಂಬ ಏಡಿ ಮುಳ್ಳಿನ ಗಾಯ, ಬೆರಳುಗಳಿಗೆ ಪಟ್ಟಿ. ನನ್ನ ಕಾರ್ಡನ್ನು ಮೇಜಿನ ಮೇಲಿಟ್ಟಳು. ಅವಳು ನನ್ನ ಕಾಲಿಗೆ ಅಂಟಿಕೊಂಡಿದ್ದ ಟೆಸ್ಸಾಳನ್ನು ಸ್ವಲ್ಪ ಹೊತ್ತು ನೋಡಿ, ವಾಪಸು ಬಾಗಿಲ ತನಕ ಹೋಗಿ, ತಿರುಗದೆಯೇ ಹೇಳಿದಳು: "ಆ ಟ್ರಕ್ಕಿನ ಬ್ರೇಕು ಮೊದ್ಲೇ ಕೆಟ್ಟಿತ್ತು ಕಣೇ."