ಒಂದು ಮೊರ ತೌಡು

ಶಿಕಾರಿಪುರ
೧೯ ಜನವರಿ ೨೦೨೫

ಮಗಳು ರಮ್ಯಳಿಗೆ,

ಅಮ್ಮನ ಆಶೀರ್ವಾದ. ನಾನು ಕ್ಷೇಮ; ಸೊರಬದ ಚಳಿಗೆ ನಿನ್ನ ಕೆಮ್ಮು ಹೆಚ್ಚಿಲ್ಲವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರಿಸಬೇಡ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವೆಂದು ಬರೆಯುತ್ತಿದ್ದೇನೆ.

ದೇಶವೊಂದರ ಅಭಿವೃದ್ಧಿಯನ್ನು ಅಳೆಯುವ ಬಗೆ ಯಾವುದು, ಕೆಲವು ದೇಶಗಳು ಬಡತನದಲ್ಲೇ ಉಳಿಯುವುದೇಕೆ, ಇದನ್ನು ನಿನ್ನ ಕಾಲೇಜಿನ ಮಕ್ಕಳಿಗೆ ಮನಮುಟ್ಟುವಂತೆ ಹೇಳುವುದು ಹೇಗೆಂದು ನೀನು ಕೇಳಿದ್ದೆ. ತಲಾ ಆದಾಯವನ್ನು ನನ್ನಷ್ಟು ಸ್ಪಷ್ಟವಾದ ಕನ್ನಡದಲ್ಲಿ ಕಲಿಸಿದವರು ಈ ತಾಲ್ಲೂಕಿನಲ್ಲಿ ವಿರಳ. ಹಾಗೆನ್ನಲು ನನಗೆ ಸಂಕೋಚವಿಲ್ಲ. ಆದರೂ ಕಳೆದ ಸೋಮವಾರ ತಾಳಗುಂದದಲ್ಲಿ ಕಂಡದ್ದು ನನ್ನ ಯಾವ ಪಾಠದಲ್ಲೂ ಇರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿ ಪರಶುರಾಮನ ಮಗಳ ನಾಮಕರಣಕ್ಕೆ ಹೋಗಿದ್ದೆ. ತಿಂಗಳು ತುಂಬುವ ಮೊದಲೇ ಹುಟ್ಟಿ, ಶಿವಮೊಗ್ಗದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬದುಕಿ ಬಂದ ಕೂಸು. ಅರ್ಚಿತಾ ಎಂದು ಹೆಸರಿಡಲು ಗಂಡಹೆಂಡಿರು ನಿಶ್ಚಯಿಸಿದ್ದರು. ಅಷ್ಟರಲ್ಲಿ ಪರಶುರಾಮನ ತಾಯಿ ಉಚ್ಚಂಗಮ್ಮ ಮೊರದ ತುಂಬ ತೌಡು ಹಿಡಿದು ನನ್ನೆದುರು ನಿಂತಳು.

"ಟೀಚರ್, ಕೂಸನ್ನ ನಿಮ್ಮದು ಅಂತ ತಗಳ್ರಿ. ಆಮ್ಯಾಲೆ ಈ ತೌಡಿಗೆ ನನಗ ಮಾರಿಬಿಡ್ರಿ. ತಿಪ್ಪವ್ವ ಅಂತ ಕರೆಯಾಣ. ಚಂದದ ಹೆಸರಿಟ್ರೆ ಜವರಾಯನ ಕಣ್ಣು ಬೀಳ್ತತಿ."

ಆಕೆಯ ಮೊದಲ ಮಕ್ಕಳೆಲ್ಲ ತೊಟ್ಟಿಲಲ್ಲೇ ತೀರಿದ್ದವು. ಪರಶುರಾಮನನ್ನು ತಿಪ್ಪೆಯ ಮೇಲೆ ಹೊರಳಿಸಿ, ಪರರಿಗೆ ಕೊಟ್ಟು, ತೌಡಿಗೆ ಮರಳಿ ಕೊಂಡು, ತಿಪ್ಪನೆಂದು ಕರೆದಿದ್ದಳು. ಯಾರಿಗೂ ಬೇಡದ ಕೂಸು ಸಾವಿಗೂ ಬೇಡವಾಗಲಿ ಎಂದು.

ಪರಶುರಾಮ ನಕ್ಕ. "ನನ್ನನ್ನಂತೂ ತೌಡಿಗೆ ತಗಂಡಿ. ಮಗಳಿಗಾದ್ರೂ ರೇಟ್ ಏರ್ಸವ್ವಾ!"

"ನಗಬ್ಯಾಡಲೇ ತಿಪ್ಪಾ! ಆ ತೌಡಿನ ದೆಸೆಯಿಂದನೇ ಇವತ್ತು ಮೀಸೆ ತಿರುವಾಕತ್ತೀಯ."

ಸೊಸೆಯ ಕಣ್ಣು ತುಂಬಿತು. "ತಿಪ್ಪೆ ಅಂತ ಕರೆಯಾಕ ಇದನ್ನ ಉಳಿಸ್ಕಂಡ್ವಾ ಅತ್ತೆ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಕೇಳಿದೆ: "ಉಚ್ಚಂಗಮ್ಮಾ, ಈ ಓಣಿಯಲ್ಲಿ ಈಚೆಗೆ ಕೂಸು ತೀರಿದ್ದು ಯಾರ ಮನೆಯಲ್ಲಿ?"

ಕೇಳಬಾರದ್ದನ್ನು ಕೇಳಿದೆನೆಂಬಂತೆ ಆಕೆ ದುರುಗುಟ್ಟಿದಳು. ಆಮೇಲೆ ಬಾಗಿಲಿಗೆ ಬಂದು, ಓಣಿಯ ಆ ತುದಿಯಿಂದ ಒಂದೊಂದೇ ಮನೆ ನೋಡುತ್ತ ಬೆರಳು ಮಡಿಸತೊಡಗಿದಳು. ಮಡಿಸಿದ ಬೆರಳನ್ನು ಮತ್ತೆ ಬಿಚ್ಚಿದಳು. ಪ್ರತಿ ಮನೆಯ ಮಗುವೂ ಉಳಿದು ಬೆಳೆದು ಶಾಲೆಗೋ ಗದ್ದೆಗೋ ಹೋಗಿತ್ತು.

"ಅಯ್ಯ ಶಿವನೇ, ನೆನಪಿಗೇ ಬರವಲ್ದಲ್ರೀ ಟೀಚರ್!"

ಆ ಮುಖದ ಬೆರಗನ್ನು ಏನೆಂದು ಬಣ್ಣಿಸಲಿ? ಮೊರವನ್ನು ಹಸುವಿನ ಮುಂದಿಟ್ಟು ಬಂದು, ಕೂಸಿನ ಕಿವಿಗೆ ಬಾಗಿ ತಾನೇ ಮೊದಲು "ಅರ್ಚಿತಾ" ಎಂದಳು.

ರಮ್ಯಾ, ಕೂಸು ಉಳಿಯುವ ಭರವಸೆಯಿಲ್ಲದ ಮನೆ ನಾಳೆಗೆಂದು ಏನನ್ನು ತಾನೇ ಕಟ್ಟೀತು? ಅಂಥ ಮನೆಗಳು ತುಂಬಿದ ದೇಶ ಬಡವಾಗಿಯೇ ಉಳಿಯುತ್ತದೆ. ಆದಾಯ ಒಂದೇ ಇದ್ದರೂ ಒಂದು ದೇಶದ ಮಕ್ಕಳು ಬದುಕುತ್ತಾರೆ, ಇನ್ನೊಂದರಲ್ಲಿ ಸಾಯುತ್ತಾರೆ. ಸಾವು ಎಷ್ಟು ಹಿಂದೆ ಸರಿದಿದೆಯೆಂದರೆ ಒಬ್ಬ ಅಜ್ಜಿಗೆ ಅದು ನೆನಪಾಗಲಿಲ್ಲ! ಇದಕ್ಕಿಂತ ದೊಡ್ಡ ಅಳತೆಯನ್ನು ನಾನು ಕಂಡಿಲ್ಲ.

ನಿನ್ನ ವಿದ್ಯೆ ನಾಲ್ಕು ಜನರಿಗೆ ಬೆಳಕಾಗಲಿ.

ನಿನ್ನ ಅಮ್ಮ,
ನೀಲಾಂಬಿಕ

ತಾ.ಕ.: ಅಂದು ನನಗೆ ಮಾತ್ರ ತೀರಿದ ಒಂದು ಕೂಸು ನೆನಪಿತ್ತು. ನಿನಗಿಂತ ಮೊದಲು ನನಗೊಬ್ಬಳು ಮಗಳಿದ್ದಳು. ಅವಳೂ ತಿಂಗಳು ತುಂಬದೆ ಹುಟ್ಟಿದವಳು. ವಾಗ್ದೇವಿ ಎಂದು ಹೆಸರಿಟ್ಟಿದ್ದೆವು. ನಾನೂ ನಿನ್ನ ಅಪ್ಪನೂ ಆ ಹೆಸರನ್ನು ಮತ್ತೆ ಆಡಲಿಲ್ಲ. ಶಿಶುಮರಣದ ಹಳೆಯ ಅಂಕಿಗಳನ್ನು ಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣವನ್ನು ಮೆಲ್ಲಗೆ ಒತ್ತು. ಅವುಗಳೊಳಗೆ ನಿನ್ನ ಅಕ್ಕ ಇದ್ದಾಳೆ.